ಸೈನಿಕರಿಗೊಂದು ಕೌದಿ



ಅಮೆರಿಕದ ಡೆಲಾವೇರ್‌ನಲ್ಲಿ ಕ್ಯಾಥರೀನ್ ರಾಬರ್ಟ್ಸ್ ಎಂಬ ತಾಯಿ. 2003ರಲ್ಲಿ ಅವರ ಮಗ ಇರಾಕ್ ಯುದ್ಧಕ್ಕೆ ಹೊರಟ ಸಮಯ. ಅವರಿಗೊಂದು ಕನಸು: ಹಾಸಿಗೆಯ ಅಂಚಿನಲ್ಲಿ ಹತಾಶನಾಗಿ ಕುಳಿತ ಒಬ್ಬ ಸೈನಿಕ. ಮರುಕ್ಷಣ ಅವನೇ ಕ್ವಿಲ್ಟ್ ಹೊದ್ದು ನೆಮ್ಮದಿಯಿಂದಿದ್ದಾನೆ. ಹೀಗೆ ಶುರುವಾದದ್ದು 'ಕ್ವಿಲ್ಟ್ಸ್ ಆಫ್ ವೇಲರ್'. ಸ್ವಯಂಸೇವಕರು ಹೊಲಿದು ಯೋಧರಿಗೆ ಹೊದಿಸಿದ ಕ್ವಿಲ್ಟ್‌ಗಳ ಸಂಖ್ಯೆ ಇಂದು 3 ಲಕ್ಷ ದಾಟಿದೆ. ಪ್ರತಿಯೊಂದರ ಹಿಂಬದಿಯಲ್ಲೂ ಹೊಲಿದವರ ಹೆಸರಿನ ಪಟ್ಟಿ ಇರಬೇಕೆಂಬುದು ಅವರ ನಿಯಮ. ನನಗೆ ತುಂಬಾ ಹಿಡಿಸಿದ್ದು ಇದೇ. ಧನ್ಯವಾದ ಹೇಳಿದವರು ಯಾರು ಅಂತ ಗೊತ್ತಾಗಬೇಕಲ್ಲವೇ!

ಕ್ವಿಲ್ಟ್ ಅಂದರೆ ಮತ್ತೇನಲ್ಲ, ನಮ್ಮ ಉತ್ತರ ಕರ್ನಾಟಕದ ಕೌದಿಯ ಅಕ್ಕ-ತಂಗಿ. ಅವರದು ಮೇಲೊಂದು, ಕೆಳಗೊಂದು ಬಟ್ಟೆ, ನಡುವೆ ಹತ್ತಿಯ ಪದರ. ನಮ್ಮದರಲ್ಲಿ ಹಳೇ ಸೀರೆ, ಧೋತರಗಳೇ ಪದರ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹೊಲಿಯುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಚಿದ 'ಹೂ' ಇಡದೆ ಕೆಲಸ ಮುಗಿಯಿತು ಅನ್ನುವುದಿಲ್ಲ.

ನಮ್ಮಪ್ಪ ಹವಾಲ್ದಾರರಾಗಿ ನಿವೃತ್ತರಾದವರು. ಸಿಯಾಚಿನ್‌ನ ಹಿಮದಲ್ಲಿ ಎಡಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಆ ವಿಷಯ ಎತ್ತಿದರೆ ಮಾತು ಬದಲಿಸುತ್ತಾರೆ. ಇಲ್ಲಿ ಸ್ಯಾಂಡ್ರಿಂಗಮ್‌ನ ನಮ್ಮ ಮನೆಯಲ್ಲಿ ರಾತ್ರಿಯಿಡೀ ಹೀಟರ್ ಹಾಕಿದರೂ ಅವರಿಗೆ ಅವ್ವನ ಕೌದಿಯೇ ಬೇಕು. ನಡುರಾತ್ರಿ ಎಚ್ಚರವಾದರೆ ಅದನ್ನೇ ಹೊದ್ದು ಅಡುಗೆಮನೆಯಲ್ಲಿ ಕೂರುತ್ತಾರೆ. ಕ್ವಿಲ್ಟ್ ವಿಷಯ ಓದಿ ಹೇಳಿದೆ. "ನನಗ್ಯಾಕ ಬೇಕೋ ಥ್ಯಾಂಕ್ಸು, ಪೆನ್ಶನ್ ಬರ್ತೈತಲ್ಲ" ಅಂದರು.

ಅವ್ವ ಮಾತ್ರ ಬೇರೆಯೇ ಯೋಚಿಸಿದರು. ಪಕ್ಕದ ಮನೆಯ ಅಜ್ಜ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಅಲ್ಲಿಗೆ ಹೋದ ನ್ಯೂಜಿಲೆಂಡ್ ಯೋಧರು 3,000ಕ್ಕೂ ಹೆಚ್ಚು. ಊರಿಗೆ ಮರಳಿದಾಗ ಹಲವರಿಗೆ ಸಿಕ್ಕಿದ್ದು ಸ್ವಾಗತವಲ್ಲ, ಪ್ರತಿಭಟನೆ. ಸರ್ಕಾರ ಅವರ ಕ್ಷಮೆ ಕೇಳಿದ್ದು 2008ರಲ್ಲಿ! ಅಪ್ಪನಿಗೂ ಅವರಿಗೂ ಬೇಲಿಯ ಆಚೆ-ಈಚೆ ನಿಂತು, ಅರೆಬರೆ ಇಂಗ್ಲಿಷಿನಲ್ಲಿ ಟೊಮೆಟೊ ಗಿಡದ ಬಗ್ಗೆಯಷ್ಟೇ ಮಾತು.

ಅವ್ವ ತನ್ನ ಎರಡು ಇಳಕಲ್ ಸೀರೆ, ನನ್ನ ಹೆಂಡತಿಯ ಹಳೇ ಚೂಡಿದಾರ, ನನ್ನ ಕಾಲೇಜಿನ ಅಂಗಿ ಸೇರಿಸಿ ಏಳು ವಾರ ಹೊಲಿದರು. ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ನನ್ನ ಮಗಳದು. ಹಿಂಬದಿಗೆ ಎಲ್ಲರ ಹೆಸರೂ ಬಿತ್ತು, ಕನ್ನಡದಲ್ಲೇ.

ಕೊಡಲು ಹೋದವರು ಅಪ್ಪ. ಅಜ್ಜ ಹಿಂಬದಿ ತಿರುಗಿಸಿ ಒಂದೊಂದೇ ಹೆಸರು ಓದಿಸಿದರಂತೆ. ಅರ್ಧ ಗಂಟೆಯಲ್ಲಿ ಬರುತ್ತೇನೆಂದ ಅಪ್ಪ ಬಂದಿದ್ದು ಕತ್ತಲಾದ ಮೇಲೆ. ಏನು ಮಾತಾಡಿದಿರಿ ಅಂದರೆ, "ಥಂಡಿ ಬಗ್ಗೆ" ಅಂದರು. ಸಿಯಾಚಿನ್ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಅಂದೇ ಮೊದಲು.

ಅವ್ವ ಈಗ ಇನ್ನೊಂದು ಕೌದಿಗೆ ಕೂತಿದ್ದಾರೆ. ಹಳೇ ಹತ್ತಿ ಸೀರೆಗಳಿದ್ದರೆ ಕೂಟದ ಮುಂದಿನ ಭೇಟಿಗೆ ತನ್ನಿ. ಪಾಲಿಸ್ಟರ್ ಬೇಡ, ಸೂಜಿ ಇಳಿಯೋದಿಲ್ಲವಂತೆ.