ಅಡಿಕೆ ತೋಟದಂಚಿನ ತುಡುವೆ ಸಂಸಾರ

ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯಲ್ಲಾಗಲಿ, ಹೊಸನಗರ, ಸಾಗರದ ಊರುಗಳಲ್ಲಾಗಲಿ ಜೇನು ಹೊಸ ನೆಂಟನಲ್ಲ. ಹೆಜ್ಜೇನು, ಕೋಲುಜೇನು, ಮಿಸರಿ, ತುಡುವೆ ಎಲ್ಲವೂ ಇಲ್ಲಿನವೇ. ಹೆಜ್ಜೇನು ಮತ್ತು ಕೋಲುಜೇನು ಬಯಲಲ್ಲಿ ಒಂದೇ ತಟ್ಟಿ ಕಟ್ಟುವಂಥವು, ಪೆಟ್ಟಿಗೆಗೆ ಒಗ್ಗುವುದಿಲ್ಲ. ಮಿಸರಿ ಕೊಡುವ ತುಪ್ಪ ಅತ್ಯಲ್ಪ. ಪೊಟರೆಯ ಕತ್ತಲಲ್ಲಿ ಹಲವು ತಟ್ಟಿ ಕಟ್ಟುವ ತುಡುವೆಗೆ ಮಾತ್ರ ಪೆಟ್ಟಿಗೆಯೂ ಒಂದು ಪೊಟರೆಯೇ.

1910ರ ದಶಕದಲ್ಲಿ ನ್ಯೂಟನ್ ಎಂಬ ಪಾದ್ರಿ ತುಡುವೆಯ ಅಳತೆಗೆ ರೂಪಿಸಿದ ಪುಟ್ಟ ಪೆಟ್ಟಿಗೆ ದಕ್ಷಿಣ ಭಾರತದಲ್ಲೆಲ್ಲ ಹರಡಿತು. ಕೆಳಗೆ ಮೊಟ್ಟೆ-ಮರಿಗಳ ಸಂಸಾರ, ಮೇಲೆ ತುಪ್ಪದ ಕೋಣೆ. ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆದು ತಟ್ಟಿಯನ್ನು ಹಾಗೇ ಹಿಂದಿರುಗಿಸಬಹುದು; ಹೊಗೆ ಹಾಕಿ ಗೂಡು ಹಿಂಡುವ ಹಳೆಯ ಪದ್ಧತಿಯಲ್ಲಿ ಮರಿಗಳೂ ಸಾಯುತ್ತಿದ್ದವು.

ಈ ಕಸುಬಿಗೆ ಸ್ವಂತ ಜಮೀನು ಬೇಡ. ಕೂಲಿಗೆ ಹೋಗುವ ಹೆಂಗಸು ಕೂಡ ಹಿತ್ತಿಲಲ್ಲಿ ಎರಡು ಪೆಟ್ಟಿಗೆ ಇಟ್ಟುಕೊಳ್ಳಬಹುದು. ಅವಳ ನೊಣ ಯಾರ ತೋಟದ ಹೂವಿಗೂ ಹೋಗುತ್ತದೆ, ಬೇಲಿಯ ಹಂಗಿಲ್ಲ. ತೋಟದವರಿಗೂ ನಷ್ಟವಿಲ್ಲ: ಏಲಕ್ಕಿ ಕಾಯಿ ಕಚ್ಚಲು ಜೇನ್ನೊಣವೇ ಬೇಕು.

ಆದರೆ ಪೆಟ್ಟಿಗೆ ಹಂಚಿದರೆ ಜೇನು ಕೃಷಿ ಆಯಿತೆಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಅದಕ್ಕೆ ಮದ್ದಿಲ್ಲ, ತಾಳಿಕೊಂಡು ಉಳಿದ ಕುಟುಂಬಗಳನ್ನು ಪಾಲು ಮಾಡಿಯೇ ಮತ್ತೆ ಬೆಳೆಸಬೇಕಾಯಿತು. ಮಲೆನಾಡಿನ ಮಳೆಗಾಲವೂ ಪ್ರತಿವರ್ಷದ ಪರೀಕ್ಷೆಯೇ. ಹೂವಿಲ್ಲ, ನೊಣ ಹೊರಗೆ ಹೊರಡಲಾರದು. ಸಕ್ಕರೆ ಪಾಕ ಕೊಡಬೇಕು, ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳ ಬುಡಕ್ಕೆ ನೀರು ನಿಲ್ಲಿಸಬೇಕು, ಮೇಣದ ಹುಳ ಬಿದ್ದಿದೆಯೇ ಎಂದು ನೋಡುತ್ತಿರಬೇಕು. ತಾತ್ಸಾರ ಮಾಡಿದರೆ ಒಂದು ದಿನ ಕುಟುಂಬ ಗೂಡು ಬಿಟ್ಟು ಹಾರಿಹೋಗುತ್ತದೆ; ಖಾಲಿ ಪೆಟ್ಟಿಗೆ ಅಟ್ಟ ಸೇರುತ್ತದೆ.

ಇನ್ನು ಮೇವು. ಪೆಟ್ಟಿಗೆಯಲ್ಲಿ ತುಪ್ಪ ತುಂಬುವುದು ಅಡಿಕೆ ಸಿಂಗಾರದಿಂದಲ್ಲ, ಅದರಲ್ಲಿ ಸಿಗುವುದು ಹೆಚ್ಚಾಗಿ ಪರಾಗ. ತುಪ್ಪ ಬರುವುದು ನೇರಳೆ, ಮತ್ತಿ, ಅಂಟುವಾಳದಂಥ ಕಾಡುಮರಗಳಿಂದ. ತೋಟಕ್ಕೆ ಸೊಪ್ಪು ಕೊಡುವ ಕಾಡು, ಅಂದರೆ ಸೊಪ್ಪಿನಬೆಟ್ಟ, ಬೋಳಾದ ಕಡೆ ಎಷ್ಟು ತರಬೇತಿ ಕೊಟ್ಟರೂ ಜೇನು ನಿಲ್ಲದು.

ಹೊಸಬರು ದೀಪಾವಳಿ ಕಳೆದ ಮೇಲೆ, ಅನುಭವಿಗಳ ನೆರವಿನಿಂದ ಎರಡೇ ಕುಟುಂಬಗಳಿಂದ ಶುರುಮಾಡಲಿ. ಕೊಳ್ಳುವವರಿಗೂ ಒಂದು ಮಾತು: ತುಪ್ಪ ಹರಳುಗಟ್ಟಿದ ಮಾತ್ರಕ್ಕೆ ಸಕ್ಕರೆ ಬೆರೆಸಿದ್ದಾರೆಂದು ಸಾಕಿದವರನ್ನು ದೂರಬೇಡಿ. ಅಪ್ಪಟ ಜೇನೂ ಹರಳುಗಟ್ಟುತ್ತದೆ.