‘ಬಂಜರು’ ಎಂಬ ಪದ ಮತ್ತು ಥಾರ್ ಮರುಭೂಮಿಯ ಸೌರವಿದ್ಯುತ್: ಒಂದು ಜಾನಪದೀಯ ವಿವೇಚನೆ

1. ಪ್ರವೇಶ

ಒಂದು ಭೂಪ್ರದೇಶವನ್ನು ಯಾವ ಹೆಸರಿನಿಂದ ಗುರುತಿಸಲಾಗುತ್ತದೆ ಎಂಬುದು ಅದರ ಬಳಕೆಯನ್ನೂ ಭವಿಷ್ಯವನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ಕಂದಾಯ ದಾಖಲೆಗಳಲ್ಲಿ ‘ಬಂಜರು’, ‘ಪಾಳು’, ‘ಖರಾಬು’ ಎಂದು ನಮೂದಾದ ನೆಲವು ಅದನ್ನೇ ನೆಚ್ಚಿಕೊಂಡ ಜನರ ಪಾಲಿಗೆ ಗೋಮಾಳವೋ, ದೇವರಕಾಡೋ, ಕೆರೆಗೆ ನೀರು ಹರಿದುಬರುವ ಬಯಲೋ ಆಗಿರುತ್ತದೆ. ಈ ಎರಡು ನಾಮಕರಣಗಳ ನಡುವಿನ ಅಂತರವು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಎದ್ದುಕಾಣುವಂತೆ ಪ್ರಕಟವಾಗಿದೆ. ಕಳೆದ ಒಂದೂವರೆ ದಶಕದಲ್ಲಿ ಅಲ್ಲಿ ಬೆಳೆದುಬಂದಿರುವ ಸೌರವಿದ್ಯುತ್ ಯೋಜನೆಗಳನ್ನು ಆ ನೆಲದ ಮೌಖಿಕ ಪರಂಪರೆಯ ಜೊತೆಯಲ್ಲಿಟ್ಟು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಬಿಸಿಲಿನ ನಾಡು

ಸುಮಾರು ಎರಡು ಲಕ್ಷ ಚದರ ಕಿಲೋಮೀಟರ್ ವ್ಯಾಪ್ತಿಯ ಥಾರ್ ಮರುಭೂಮಿಯ ಬಹುಭಾಗ ಪಶ್ಚಿಮ ರಾಜಸ್ಥಾನದಲ್ಲಿದೆ. ಜೈಸಲ್ಮೇರ್ ಭಾಗದಲ್ಲಿ ವಾರ್ಷಿಕ ಮಳೆಯ ಪ್ರಮಾಣ 200 ಮಿಲಿಮೀಟರಿಗಿಂತ ಕಡಿಮೆ. ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ದಿನ ನಿರ್ಮಲವಾದ ಬಿಸಿಲು ದೊರೆಯುವ ಈ ಪ್ರದೇಶವು ಸೌರವಿದ್ಯುತ್ ಯೋಜಕರ ಗಮನ ಸೆಳೆದದ್ದು ಸಹಜವೇ ಆಗಿದೆ. ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯ ಹಿಂದಿನ ಅಂದಾಜಿನಂತೆ ದೇಶದ ಒಟ್ಟು 748 ಗಿಗಾವಾಟ್ ಸಾಮರ್ಥ್ಯದಲ್ಲಿ ರಾಜಸ್ಥಾನವೊಂದರ ಪಾಲೇ 142 ಗಿಗಾವಾಟ್ ಆಗಿತ್ತು. 2010ರ ಜನವರಿಯಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಅಭಿಯಾನವು 20,000 ಮೆಗಾವಾಟ್ ಗುರಿ ಇಟ್ಟುಕೊಂಡಿತ್ತು. 2015ರಲ್ಲಿ ಆ ಗುರಿಯನ್ನು ಒಂದು ಲಕ್ಷ ಮೆಗಾವಾಟಿಗೆ ಏರಿಸಲಾಯಿತು.

ಈ ಬೆಳವಣಿಗೆಯ ಪ್ರಮುಖ ನಿದರ್ಶನ ಇಂದಿನ ಫಲೋದಿ ಜಿಲ್ಲೆಯಲ್ಲಿರುವ ಭಡ್ಲಾ ಸೌರ ಉದ್ಯಾನ. ಸುಮಾರು 14,000 ಎಕರೆಯಲ್ಲಿ ಹಂತಹಂತವಾಗಿ ತಲೆಯೆತ್ತಿದ ಇದರ ಸಾಮರ್ಥ್ಯ 2,245 ಮೆಗಾವಾಟ್. 2017ರ ಮೇ ತಿಂಗಳಿನಲ್ಲಿ ಇಲ್ಲಿನ ಒಂದು ಹಂತಕ್ಕೆ ನಡೆದ ಹರಾಜಿನಲ್ಲಿ ಯೂನಿಟ್ಟಿಗೆ 2 ರೂಪಾಯಿ 44 ಪೈಸೆ ದರ ನಿಗದಿಯಾಯಿತು. ಅಲ್ಲಿಯವರೆಗೆ ದುಬಾರಿಯೆಂದೇ ಭಾವಿಸಲಾಗಿದ್ದ ಸೌರವಿದ್ಯುತ್ತು ಕಲ್ಲಿದ್ದಲಿನ ವಿದ್ಯುತ್ತಿಗೆ ದರದಲ್ಲಿ ಸರಿಸಾಟಿಯಾಗಬಲ್ಲದು ಎಂಬುದು ಇದರಿಂದ ಸಾಬೀತಾಯಿತು.

ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚುತ್ತದೆ ಎಂಬ ತಿಳಿವಳಿಕೆ ಮಾತ್ರ ಪೂರ್ಣ ಸತ್ಯವಲ್ಲ. ಸಿಲಿಕಾನ್ ಫಲಕಕ್ಕೆ ಬೇಕಾದದ್ದು ಬೆಳಕು. ಕಾವು ಅದಕ್ಕೆ ಪ್ರತಿಕೂಲ. ಫಲಕದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇಕಡ 0.4ರ ಆಸುಪಾಸಿನಲ್ಲಿ ಉತ್ಪಾದನೆ ಕುಗ್ಗುತ್ತದೆ. 2016ರ ಮೇ 19ರಂದು 51 ಡಿಗ್ರಿ ಉಷ್ಣತೆ ದಾಖಲಾದದ್ದು ಇದೇ ಫಲೋದಿಯಲ್ಲಿ. ಇದರೊಂದಿಗೆ ಮರಳುಗಾಳಿ ತರುವ ಧೂಳು ಫಲಕಗಳ ಮೇಲೆ ಕುಳಿತು ಬೆಳಕನ್ನು ತಡೆಯುತ್ತದೆ. ಅದನ್ನು ತೊಳೆಯಲು ನೀರು ಬೇಕು, ನೀರೇ ಅಲ್ಲಿ ವಿರಳ. ಆದ್ದರಿಂದ ಭಡ್ಲಾದಲ್ಲಿ ನೀರಿಲ್ಲದೆ ಧೂಳು ಗುಡಿಸುವ ಯಂತ್ರಗಳನ್ನು ಬಳಸಲಾಗುತ್ತಿದೆ. ತಂತ್ರಜ್ಞಾನವು ಮರುಭೂಮಿಯ ಕಾವಿಗೂ ಧೂಳಿಗೂ ಹೀಗೆ ಹೊಂದಿಕೊಳ್ಳುತ್ತಾ ಬಂದಿದೆ. ಹೊಂದಾಣಿಕೆ ಕಠಿಣವಾಗಿರುವುದು ನೆಲದ ವಿಷಯದಲ್ಲಿ.

3. ಜನಪದರ ನೆಲಜ್ಞಾನ

ಒಂದು ಮೆಗಾವಾಟ್ ಸ್ಥಾವರಕ್ಕೆ ಸುಮಾರು ನಾಲ್ಕರಿಂದ ಐದು ಎಕರೆ ನೆಲ ಬೇಕು. ಇಷ್ಟು ವಿಸ್ತಾರದ ನೆಲವನ್ನು ಸುಲಭವಾಗಿ ಒದಗಿಸಿದ್ದು ‘ಬಂಜರು’ ಎಂಬ ವರ್ಗ. ವಸಾಹತು ಕಾಲದ ಆಡಳಿತಕ್ಕೆ ಕಂದಾಯ ತಾರದ ನೆಲವೆಲ್ಲ ವ್ಯರ್ಥ ಭೂಮಿಯಾಗಿತ್ತು. ಸ್ವಾತಂತ್ರ್ಯಾನಂತರವೂ ಈ ವರ್ಗೀಕರಣ ಮುಂದುವರಿಯಿತು.

ಥಾರ್‌ನ ಜನಪದರು ಇದೇ ನೆಲವನ್ನು ವಿಂಗಡಿಸುವ ಕ್ರಮ ಬೇರೆಯೇ ಆಗಿದೆ. ದನಕುರಿಗಳು ಮೇಯುವ ನೆಲ ‘ಗೋಚರ್’. ದೇವರ ಹೆಸರಿನಲ್ಲಿ ಬಿಟ್ಟ ನೆಲ ‘ಓರಣ್’. ‘ನಾಡಿ’ ಎಂದರೆ ಊರಿನ ಸಣ್ಣ ಕೆರೆ. ಆ ಕೆರೆಗೆ ನೀರು ಹರಿದುಬರುವ ಇಳಿಜಾರು ಬಯಲು ‘ಆಗೋರ್’. ಹೊರಗಿನವರ ಕಣ್ಣಿಗೆ ಆಗೋರ್ ಏನೂ ಬೆಳೆಯದ ಬರಿನೆಲವಾಗಿ ಕಾಣುತ್ತದೆ. ಅಲ್ಲಿ ಮಲಮೂತ್ರ ವಿಸರ್ಜಿಸಬಾರದು, ನೆಲ ಕೆದಕಬಾರದು ಎಂಬ ಕಟ್ಟುಪಾಡುಗಳಿಂದ ಊರಿನ ಕುಡಿಯುವ ನೀರು ಶುದ್ಧವಾಗಿ ಉಳಿದಿದೆ. ಜೈಸಲ್ಮೇರ್ ಭಾಗದಲ್ಲಿ ಪಾಲೀವಾಲ ಬ್ರಾಹ್ಮಣರು ರೂಢಿಸಿದ ‘ಖಡೀನ್’ ಪದ್ಧತಿಯೂ ಇಂಥದೇ. ಕಲ್ಲುನೆಲದ ಮೇಲೆ ಹರಿಯುವ ಮಳೆನೀರನ್ನು ತಗ್ಗಿನಲ್ಲಿ ಏರಿ ಹಾಕಿ ತಡೆದು, ಆ ತೇವದಲ್ಲಿ ಗೋಧಿ ಕಡಲೆ ಬೆಳೆಯುವ ವಿಧಾನವದು. ಇಂತಹ ಬಯಲಿಗೆ ಅಡ್ಡಲಾಗಿ ರಸ್ತೆಯನ್ನೋ ಬೇಲಿಯನ್ನೋ ಹಾಕಿದರೆ ನೀರಿನ ದಾರಿ ಮುರಿಯುತ್ತದೆ. ದಾಖಲೆಯಲ್ಲಿ ಬಳಕೆಯಾದದ್ದು ಬಂಜರು ನೆಲ. ಬತ್ತಿದ್ದು ದೂರದ ಊರೊಂದರ ಕೆರೆ.

ರಾಜಸ್ಥಾನದ ಖ್ಯಾತ ಜಾನಪದ ವಿದ್ವಾಂಸ ಕೋಮಲ್ ಕೊಠಾರಿ (1929–2004) ತಮ್ಮ ನಾಡನ್ನು ಸಜ್ಜೆ, ಜೋಳ, ಮೆಕ್ಕೆಜೋಳಗಳ ಮೂರು ವಲಯಗಳಾಗಿ ವಿಂಗಡಿಸಿ, ಆಹಾರಧಾನ್ಯಕ್ಕೂ ಹಾಡು, ವಾದ್ಯ, ಆಚರಣೆಗಳಿಗೂ ಇರುವ ಸಂಬಂಧವನ್ನು ಶೋಧಿಸಿದರು. ವಿಜಯದಾನ್ ದೇಥಾ ಅವರೊಂದಿಗೆ ಬೋರುಂದಾ ಗ್ರಾಮದಲ್ಲಿ ಅವರು ಕಟ್ಟಿದ ರೂಪಾಯನ್ ಸಂಸ್ಥಾನದ ಕಾರ್ಯವು ನೆಲ, ಬೆಳೆ, ಕಥನಗಳು ಬಿಡಿಸಲಾಗದಂತೆ ಹೆಣೆದುಕೊಂಡಿವೆ ಎಂಬುದನ್ನು ತೋರಿಸಿಕೊಟ್ಟಿತು. ಮರುಭೂಮಿಯನ್ನು ಶೂನ್ಯವೆಂದು ಭಾವಿಸುವ ದೃಷ್ಟಿಗೆ ಇದು ತಕ್ಕ ಉತ್ತರವಾಗಿದೆ.

4. ಓರಣ್: ದೇವರ ನೆಲ

‘ಓರಣ್’ ಎಂಬುದು ‘ಅರಣ್ಯ’ ಶಬ್ದದಿಂದ ಬಂದದ್ದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕೊಡಗಿನ ದೇವರಕಾಡುಗಳನ್ನು ಬಲ್ಲ ಕನ್ನಡಿಗರಿಗೆ ಈ ಕಲ್ಪನೆ ಅಪರಿಚಿತವೇನಲ್ಲ. ಆದರೆ ಮರುಭೂಮಿಯ ಓರಣ್‌ನಲ್ಲಿ ದಟ್ಟವಾದ ಮರಗಳಿರುವುದಿಲ್ಲ; ಹುಲ್ಲು, ಕುರುಚಲು ಗಿಡ, ಅಲ್ಲಲ್ಲಿ ಮರ, ಒಂದು ನೀರಿನ ಆಸರೆ, ಒಂದು ಗುಡಿ ಇವಿಷ್ಟೇ ಇರುತ್ತವೆ. ದನ, ಕುರಿ, ಒಂಟೆಗಳು ಮೇಯಬಹುದು. ಹಸಿ ಕೊಂಬೆ ಕಡಿಯುವಂತಿಲ್ಲ. ಕರಣಿ ಮಾತಾ, ದೇಗರಾಯ್ ಮಾತಾ, ಪಾಬೂಜಿ ಮುಂತಾದ ದೈವಗಳ ಹೆಸರಿನಲ್ಲಿ ಈ ನೆಲಗಳು ಉಳಿದುಬಂದಿವೆ. ಪಾಬೂಜಿಯು ಮಾರವಾಡಕ್ಕೆ ಒಂಟೆಗಳನ್ನು ತಂದನೆಂದು ರೇಬಾರಿ ಪಶುಪಾಲಕರು ನಂಬುತ್ತಾರೆ. ಭೋಪಾ ಗಾಯಕರು ‘ಫಡ್’ ಎಂಬ ಚಿತ್ರಪಟವನ್ನು ಬಿಡಿಸಿಟ್ಟು ರಾತ್ರಿಯಿಡೀ ಹಾಡುವುದು ಈತನ ಕಥೆಯನ್ನೇ. ಪಾಬೂಜಿಯ ಮೂಲಸ್ಥಾನವಾದ ಕೋಲೂ ಗ್ರಾಮವೂ ಭಡ್ಲಾ ಇರುವ ಫಲೋದಿ ಸೀಮೆಗೇ ಸೇರಿದೆ ಎಂಬುದು ಗಮನಾರ್ಹ.

ರಾಜಸ್ಥಾನದಲ್ಲಿ ಸುಮಾರು 25,000 ಓರಣ್‌ಗಳಿವೆಯೆಂಬ ಅಂದಾಜಿದೆ. ಇವುಗಳಲ್ಲಿ ಅನೇಕವು ಕಂದಾಯ ದಾಖಲೆಗೆ ಓರಣ್ ಎಂದು ಸೇರಲೇ ಇಲ್ಲ. ಅವುಗಳ ಎಲ್ಲೆಯು ಜನರ ನೆನಪಿನಲ್ಲಿ, ಹರಕೆಯಲ್ಲಿ, ಪರಿಕ್ರಮೆಯ ದಾರಿಯಲ್ಲಿ ಉಳಿದಿತ್ತು. ದಾಖಲೆಯಲ್ಲಿ ಇಲ್ಲದ ಎಲ್ಲೆಯನ್ನು ಯೋಜನೆಗಳೂ ಗುರುತಿಸಲಿಲ್ಲ. ಜೈಸಲ್ಮೇರ್ ಜಿಲ್ಲೆಯ ದೇಗರಾಯ್ ಓರಣ್‌ನ ಮೇಲೆ ಅಧಿಕ ಒತ್ತಡದ ವಿದ್ಯುತ್ ತಂತಿಗಳು ಹಾದುಹೋದವು. 2020ರ ನಂತರದ ವರ್ಷಗಳಲ್ಲಿ ಅಲ್ಲಿನ ಗ್ರಾಮಸ್ಥರು ಓರಣ್ ನೆಲವನ್ನು ದಾಖಲೆಗೆ ಸೇರಿಸುವಂತೆ ಒತ್ತಾಯಿಸಿದ್ದಲ್ಲದೆ, ಸೀಮೆಯನ್ನು ಸುತ್ತುವ ಪರಿಕ್ರಮೆಯನ್ನೇ ತಮ್ಮ ಹಕ್ಕಿನ ಸಾಕ್ಷ್ಯವಾಗಿ ಮುಂದಿಟ್ಟರು. ಆಚರಣೆಯೊಂದು ದಾಖಲೆಯ ಸ್ಥಾನಕ್ಕೆ ಏರಿದ ಸಂದರ್ಭವಿದು.

2024ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನದ ಪವಿತ್ರ ವನಗಳನ್ನು ಸ್ಥಳ ಸಮೀಕ್ಷೆ ಮತ್ತು ಉಪಗ್ರಹ ನಕ್ಷೆಗಳ ಮೂಲಕ ಗುರುತಿಸಿ ಅರಣ್ಯವೆಂದು ಅಧಿಸೂಚಿಸಬೇಕೆಂದು ನಿರ್ದೇಶಿಸಿತು. ಇದು ಮಹತ್ವದ ಆದೇಶ. ಆದರೂ ಇಲ್ಲೊಂದು ಸೂಕ್ಷ್ಮವಿದೆ. ಅದೇ ವರ್ಷದ ಆರಂಭದಲ್ಲಿ ಓರಣ್‌ಗಳನ್ನು ಪರಿಭಾವಿತ ಅರಣ್ಯವೆಂದು ಘೋಷಿಸುವ ಪ್ರಸ್ತಾಪ ಸರ್ಕಾರದಿಂದ ಬಂದಾಗ ಪಶುಪಾಲಕರು ಕಳವಳಗೊಂಡಿದ್ದರು. ಅರಣ್ಯವೆಂದಾದರೆ ಮೇವಿಗೂ ಗುಡಿಗೂ ಪ್ರವೇಶ ಕಳೆದುಕೊಳ್ಳಬೇಕಾದೀತೆಂಬ ಭಯ ಅವರದು. ‘ಬಂಜರು’ ಎಂಬ ಪದವು ಓರಣ್ ನೆಲವನ್ನು ಅಳಿಸಿಹಾಕಿದರೆ, ‘ಅರಣ್ಯ’ ಎಂಬ ಪದವು ಅದರ ಬಳಕೆದಾರರನ್ನು ಹೊರಗಿಡುವ ಸಾಧ್ಯತೆಯಿದೆ. ಜನಪದರ ‘ಓರಣ್’ ಈ ಎರಡರಲ್ಲಿ ಯಾವುದಕ್ಕೂ ಸರಿಹೊಂದದು.

5. ಮರ ಮತ್ತು ಹಕ್ಕಿ

ಥಾರ್‌ನ ಜೀವನಾಡಿಯೆನಿಸಿದ ಖೇಜ್ರಿ ಮರವು ಕನ್ನಡಿಗರು ವಿಜಯದಶಮಿಯಂದು ಪೂಜಿಸುವ ಬನ್ನಿಯೇ ಆಗಿದೆ. ಅದರ ಎಲೆ ಮೇವು, ‘ಸಾಂಗ್ರಿ’ ಎಂಬ ಕಾಯಿ ಬರಗಾಲದ ಆಹಾರ, ನೆರಳು ಸಜ್ಜೆ ಬೆಳೆಗೆ ಆಸರೆ. ಜಾಂಭೋಜಿ (1451–1536) ಸ್ಥಾಪಿಸಿದ ಬಿಷ್ಣೋಯಿ ಪಂಥದ ಇಪ್ಪತ್ತೊಂಬತ್ತು ನಿಯಮಗಳಲ್ಲಿ ಹಸಿರು ಮರ ಕಡಿಯಬಾರದೆಂಬುದೂ ಒಂದು. 1730ರಲ್ಲಿ ಜೋಧಪುರದ ಅರಮನೆಗಾಗಿ ಖೇಜ್ರಿ ಕಡಿಯಲು ಬಂದವರನ್ನು ತಡೆಯಲು ಖೇಜಡ್ಲಿ ಗ್ರಾಮದಲ್ಲಿ ಅಮೃತಾದೇವಿಯೂ ಸೇರಿ 363 ಮಂದಿ ಪ್ರಾಣ ತೆತ್ತರೆಂಬ ನೆನಪು ಅಲ್ಲಿ ಇಂದಿಗೂ ಜೀವಂತವಾಗಿದೆ. 2024ರಿಂದೀಚೆಗೆ ಬಿಕಾನೇರ್ ಜಿಲ್ಲೆಯಲ್ಲಿ ಸೌರ ಸ್ಥಾವರಗಳಿಗಾಗಿ ಖೇಜ್ರಿ ಕಡಿಯುವುದರ ವಿರುದ್ಧ ನಡೆದ ಧರಣಿಗಳಿಗೆ ಈ ನೆನಪೇ ಬಲ ನೀಡಿದೆ.

ಓರಣ್‌ಗಳ ಹುಲ್ಲುಗಾವಲನ್ನು ಆಶ್ರಯಿಸಿದ ಗೋಡಾವಣ್ ಹಕ್ಕಿಯ ಸ್ಥಿತಿ ಇನ್ನೂ ಶೋಚನೀಯ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ವಿರಳವಾಗಿ ಕಾಣಿಸಿಕೊಂಡಿರುವ ಎರೆಭೂತ ಎಂಬ ಹಕ್ಕಿಯೂ ಇದೇ. ಭಾರವಾದ ಮೈ, ಪಕ್ಕಕ್ಕೆ ಹೊರಳಿದ ಕಣ್ಣುಗಳ ಈ ಹಕ್ಕಿಗೆ ಹಾರುವಾಗ ಎದುರಿನ ತಂತಿ ಕಾಣದು. 2021ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದರ ನೆಲೆಗಳಲ್ಲಿ ತಂತಿಗಳನ್ನು ಭೂಮಿಯೊಳಗೆ ಒಯ್ಯಬೇಕೆಂದು ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಯನ್ನು ನೇಮಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಪ್ರಜೆಗಳ ಹಕ್ಕೆಂದು ಅದೇ ತೀರ್ಪಿನಲ್ಲಿ ಹೇಳಿತು. ಸೌರವಿದ್ಯುತ್ತೂ ಬೇಕು, ಹಕ್ಕಿಯೂ ಉಳಿಯಬೇಕು ಎಂಬ ಇಕ್ಕಟ್ಟು ಇಲ್ಲಿ ಸ್ಪಷ್ಟವಾಗುತ್ತದೆ.

6. ಪಾವಗಡದ ಪಾಠ

ಇದೇ ಪ್ರಶ್ನೆ ಕರ್ನಾಟಕದಲ್ಲಿ ಬೇರೊಂದು ರೂಪದಲ್ಲಿ ಎದುರಾಗಿದೆ. ಮರುಭೂಮಿಯಲ್ಲದಿದ್ದರೂ ನಿರಂತರ ಬರಕ್ಕೆ ಈಡಾದ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಇಲ್ಲಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವಾರ್ಷಿಕ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಹೆಚ್ಚಳ ಎಂಬ ಈ ಏರ್ಪಾಟಿನಿಂದ ರೈತರ ಒಡೆತನ ಉಳಿಯಿತು. ಆದರೆ ಗುತ್ತಿಗೆಯ ಹಣ ಸಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ಕುಯಿಲಿನ ನಂತರ ಕುರಿ ಮೇಯಿಸುತ್ತಿದ್ದವರಿಗೂ ದಾಖಲೆಯಿರಲಿಲ್ಲ. ನೆಲದೊಂದಿಗಿನ ಸಂಬಂಧವು ಕಾಗದದಲ್ಲಿ ಇಲ್ಲದವರೇ ಥಾರ್‌ನಲ್ಲೂ ಪಾವಗಡದಲ್ಲೂ ಎಣಿಕೆಯಿಂದ ಹೊರಗುಳಿದಿದ್ದಾರೆ.

7. ಸಮಾರೋಪ

ಕಲ್ಲಿದ್ದಲಿನ ಹೊಗೆಗೆ ಪರ್ಯಾಯವಾಗಿ ಸೌರವಿದ್ಯುತ್ತಿನ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಬರ ಮತ್ತು ಬಿಸಿಗಾಳಿ ಹೆಚ್ಚಿದಾಗ ಮೊದಲು ನಲುಗುವವರು ಮರುಭೂಮಿಯ ಜನರೇ. ಎರಡನ್ನೂ ಹೊಂದಿಸುವ ದಾರಿಗಳಿವೆ. ಜೋಧಪುರದ ಕೇಂದ್ರೀಯ ಶುಷ್ಕವಲಯ ಸಂಶೋಧನಾ ಸಂಸ್ಥೆಯು ಫಲಕಗಳ ಸಾಲುಗಳ ನಡುವೆ ಹೆಸರು, ಮಡಿಕೆ, ಜೀರಿಗೆ ಬೆಳೆಯುವ, ಫಲಕಗಳ ಮೇಲೆ ಬಿದ್ದ ಮಳೆನೀರನ್ನು ಸಂಗ್ರಹಿಸುವ 105 ಕಿಲೋವಾಟ್ ಸ್ಥಾವರವನ್ನು ನಿರ್ಮಿಸಿದೆ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯು ರೈತರ ಜಮೀನಿನಲ್ಲೇ ಸಣ್ಣ ಸ್ಥಾವರಗಳಿಗೆ ಅವಕಾಶ ನೀಡಿದೆ.

ಇವೆಲ್ಲಕ್ಕೂ ಮೊದಲು ಆಗಬೇಕಾದ ಕಾರ್ಯವೊಂದಿದೆ. ಓರಣ್, ಗೋಚರ್, ಆಗೋರ್‌ಗಳ ಮೌಖಿಕ ಎಲ್ಲೆಗಳನ್ನು, ಅವುಗಳಿಗೆ ಸಂಬಂಧಿಸಿದ ಐತಿಹ್ಯ, ಹರಕೆ, ಕಟ್ಟುಪಾಡುಗಳನ್ನು ಹಿರಿಯರ ನೆನಪಿನಿಂದ ಕ್ರಮಬದ್ಧವಾಗಿ ದಾಖಲಿಸಬೇಕು, ಆ ದಾಖಲೆಯನ್ನು ಸಮೀಕ್ಷೆಯ ನಕ್ಷೆಗಳ ಜೊತೆ ತಾಳೆ ನೋಡಬೇಕು. ಇದು ಜಾನಪದ ಕ್ಷೇತ್ರಕಾರ್ಯದ ವ್ಯಾಪ್ತಿಗೇ ಸೇರಿದ ಕೆಲಸ. ಕಥೆ ಹಾಡುಗಳ ಸಂಗ್ರಹದಷ್ಟೇ ಆಸ್ಥೆಯಿಂದ ಜಾನಪದ ವಿದ್ವಾಂಸರು ಇದನ್ನು ಕೈಗೆತ್ತಿಕೊಳ್ಳಬೇಕಾಗಿದೆ. ಕರ್ನಾಟಕದ ಕಾವಲು, ಗೋಮಾಳ, ದೇವರಕಾಡುಗಳಿಗೂ ಈ ಮಾತು ಅನ್ವಯಿಸುತ್ತದೆ. ಓರಣ್‌ನ ಎಲ್ಲೆಯನ್ನು ಕಾಲ್ನಡಿಗೆಯಲ್ಲಿ ತೋರಿಸಬಲ್ಲ ತಲೆಮಾರು ವೃದ್ಧಾಪ್ಯದಲ್ಲಿರುವುದರಿಂದ ಈ ಕಾರ್ಯಕ್ಕೆ ಉಳಿದಿರುವ ಅವಧಿ ಕಡಿಮೆ.