ಮೊದಲು ಯಾವ ಪೊಟ್ಟಣ?

ನಾಗರಬಾವಿಯ ನಮ್ಮ ಮನೆಯಲ್ಲಿ ಮೊನ್ನೆ ಪುಟ್ಟದೊಂದು ಆಯವ್ಯಯ ಚರ್ಚೆ ನಡೆಯಿತು. ಮೊಮ್ಮಗ ಹಬ್ಬದ ಕಾಣಿಕೆಯ 2,000 ರೂಪಾಯಿ ಮುಂದಿಟ್ಟು, ‘ತಾತ, ಪೋಕೆಮಾನ್ ಕಾರ್ಡಿನ ಯಾವ ಸರಣಿ ಮೊದಲು ತಗೊಳ್ಳಲಿ?’ ಎಂದ.

1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಆಟಕ್ಕೆ ಹೊಸ ಸರಣಿಗಳು ಬರುತ್ತಲೇ ಇವೆ. ಬೂಸ್ಟರ್ ಪೊಟ್ಟಣದಲ್ಲಿ ಯಾವ ಕಾರ್ಡುಗಳಿವೆಯೆಂಬುದು ಒಡೆಯುವವರೆಗೂ ತಿಳಿಯದು. ನಮ್ಮ ರಾಜ್ಯ 2007ರಲ್ಲಿ ಲಾಟರಿ ನಿಷೇಧಿಸಿತು. ಅದರ ಆಸೆ ಮಾತ್ರ ಬಣ್ಣದ ಹೊದಿಕೆಯಲ್ಲಿ ಮಕ್ಕಳ ಕೈಸೇರಿದೆ.

ಆದರೆ ಮಿತವ್ಯಯದ ಪಾಠ ಆಟದ ನಿಯಮದಲ್ಲೇ ಇದೆ. ಆಟಗಾರನ ಕಟ್ಟಿಗೆ 60 ಕಾರ್ಡುಗಳು. ಮೂಲ ಶಕ್ತಿ ಕಾರ್ಡುಗಳ ಹೊರತು ಒಂದೇ ಹೆಸರಿನವು ನಾಲ್ಕನ್ನು ಮೀರುವಂತಿಲ್ಲ. ಆ ಕಟ್ಟಿನ ಮಟ್ಟಿಗೆ ಐದನೆಯದರ ಸೀಮಾಂತ ತುಷ್ಟಿಗುಣ ಶೂನ್ಯ. ಅಧಿಕೃತ ಸ್ಪರ್ಧೆಗಳ ಸ್ಟ್ಯಾಂಡರ್ಡ್ ವಿಭಾಗದಿಂದ ಹಳೆಯ ಸರಣಿಗಳು ಕಾಲಕ್ರಮೇಣ ಹೊರಬೀಳುತ್ತವೆ, ಇದು ಸವಕಳಿ. ಆದ್ದರಿಂದ ಮೊದಲು ಆಡಲು ಸಿದ್ಧವಾದ ಕಟ್ಟು, ಬಳಿಕ ಇತ್ತೀಚಿನ ಸರಣಿಗಳಿಂದ ಬೇಕಾದ ಬಿಡಿ ಕಾರ್ಡುಗಳು, ಪೊಟ್ಟಣ ಕೊನೆಗೆ ಎಂದು ಶಿಫಾರಸು ಮಾಡಿದೆ.

‘ಒಂದೇ ಒಂದು ಪೊಟ್ಟಣ, ತಾತ?’

ಇವನ ಅಪ್ಪ ಬಾಲ್ಯದಲ್ಲಿ ಕ್ರಿಕೆಟಿಗರ ಚಿತ್ರಗಳಿಗೆ ಕಾಸು ಕೇಳಿದಾಗ ‘ಅನುತ್ಪಾದಕ ವೆಚ್ಚ’ವೆಂದು ನಿರಾಕರಿಸಿದ್ದೆ. ಮರಳಿ ಅವನು ಕೇಳಲೇ ಇಲ್ಲ. ಆ ಉಳಿತಾಯ ಯಾವ ಲೆಕ್ಕದಲ್ಲೂ ಕಾಣಲಿಲ್ಲ. ಈ ಬಾರಿ ಒಂದು ಪೊಟ್ಟಣಕ್ಕೆ ಮಂಜೂರಾತಿ ನೀಡಿದೆ. ಅದನ್ನು ಇಬ್ಬರೂ ಕೂಡಿಯೇ ಒಡೆದೆವು.